ಗಾಳಿಗೆ ಜಾಗ ಕೊಡದ ಆಶಾರಾಣಿ

ಬೆಳಗಿನ ಏಳು ಗಂಟೆ. ಎಲ್ಕ್ ಗ್ರೋವ್ ವಿಲೇಜಿನ ಗೋದಾಮುಗಳ ಸಾಲಿನಲ್ಲಿ ಒಂದೇ ಒಂದು ಷಟರ್ ಅರ್ಧ ಮೇಲೆದ್ದಿದೆ. ತಲೆಯ ಮೇಲೆ ವಿಮಾನಗಳು ಒಂದರ ಹಿಂದೊಂದು ಇಳಿಯುತ್ತಿವೆ, ಅವುಗಳ ಸದ್ದಿಗೆ ಷಟರಿನ ತಗಡು ಸಣ್ಣಗೆ ನಡುಗುತ್ತದೆ. ಒಳಗೆ ಆಶಾರಾಣಿ ಅದನ್ನು ಕಿವಿಗೆ ಹಾಕಿಕೊಳ್ಳುವ ಗೋಜಿಗೇ ಹೋಗದೆ, ರಟ್ಟಿನ ಡಬ್ಬವೊಂದನ್ನು ಮುಂದಿಟ್ಟುಕೊಂಡು ಅದರ ಮೈಮೇಲೆ ಗೇಣು ಹಾಕುತ್ತಿದ್ದಾರೆ. ಹೆಬ್ಬೆರಳ ತುದಿಯಿಂದ ಕಿರುಬೆರಳ ತುದಿಗೆ ಒಂದು ಸಲ, ಮತ್ತೊಂದು ಸಲ. ಆಮೇಲೆ ಟೇಪು ಎಳೆದು ನೋಡುತ್ತಾರೆ. ಗೇಣು ಹೇಳಿದ್ದನ್ನೇ ಟೇಪೂ ಹೇಳುತ್ತದೆ.

ಡಬ್ಬ ಮೆಲ್ಬರ್ನಿಗೆ ಹೊರಟಿದೆ. ಒಳಗೆ ಯಾರದೋ ಮೊಮ್ಮಗಳ ಭರತನಾಟ್ಯದ ಜಡೆ, ಸೊಂಟಪಟ್ಟಿ, ಗೆಜ್ಜೆ. ಕಳಿಸಲು ಬಂದ ಅಜ್ಜ ಜಡೆ ಮಡಿಸಬಾರದೆಂದು ನಾಲ್ಕಡಿ ಉದ್ದದ ಪೆಟ್ಟಿಗೆಯನ್ನೇ ಹೊತ್ತು ತಂದಿದ್ದರು. ಆಶಾರಾಣಿ ಜಡೆಯನ್ನು ಮಡಿಸಲಿಲ್ಲ, ಗೆಜ್ಜೆಯ ಸುತ್ತ ಸುತ್ತಿದರು. ಈಗ ಡಬ್ಬದ ನಾಲ್ಕು ಮೂಲೆಗಳನ್ನು ಬ್ಲೇಡಿನಿಂದ ಸೀಳಿ, ಸ್ಟೀಲ್ ಸೌಟಿನ ಹಿಡಿಯಿಂದ ರಟ್ಟಿನ ಮೇಲೆ ಗೀರೆಳೆದು, ಆ ಗೀರಿನಗುಂಟ ಪಕ್ಕಗಳನ್ನು ಒಳಕ್ಕೆ ಬಗ್ಗಿಸುತ್ತಾರೆ. ಹನ್ನೆರಡು ಇಂಚು ಎತ್ತರವಿದ್ದ ಡಬ್ಬ ಕಣ್ಣೆದುರೇ ಏಳು ಇಂಚಿಗೆ ಇಳಿಯುತ್ತದೆ. ಸೌಟು ಮೈಸೂರಿನದು. ಅದರಲ್ಲಿ ಸಾರು ಬಡಿಸಿ ಎಂಟು ವರ್ಷವಾಯಿತಂತೆ.

ಪ್ರತಿದಿನ ಹೀಗೆ ನಲವತ್ತು ಡಬ್ಬ. ಎರಡು ಬ್ಲೇಡು, ಆರು ಸುರುಳಿ ಅಂಟುಪಟ್ಟಿ, ಒಂಬತ್ತು ಗಂಟೆ ನಿಂತೇ ಕೆಲಸ. ಆದರೆ ಇವತ್ತು ಎಲ್ಲ ದಿನದಂತಲ್ಲ. ಇವತ್ತು ಒಂದು ಕಾಗದ ಬರುತ್ತದೆ. ಆ ಕಾಗದದಲ್ಲಿ ಏನಿದೆ ಎನ್ನುವುದರ ಮೇಲೆ ಈ ಮೇಜು ಇಲ್ಲಿರುತ್ತದೋ ಇಲ್ಲವೋ ತೀರ್ಮಾನವಾಗುತ್ತದೆ. ಆಶಾರಾಣಿ ಆ ಬಗ್ಗೆ ತಾವಾಗಿ ಮಾತೆತ್ತುವುದಿಲ್ಲ. ಕೇಳಿದರೆ ಮಾತ್ರ, ಏಳೂಕಾಲಿಗೆ ಶ್ರೀಹರಿ ಬರ್ತಾರೆ, ತರ್ತಾರೆ ಎಂದು ಹೇಳಿ ಸೌಟಿನ ಕಡೆ ಕೈ ಚಾಚುತ್ತಾರೆ.

ಈ ಕೆಲಸದ ಒಳಗುಟ್ಟು ಗೊತ್ತಾಗಬೇಕಾದರೆ ಒಂದು ಸಂಖ್ಯೆಯ ಪರಿಚಯ ಬೇಕು. ಮೇಜಿನ ಅಂಚಿಗೆ ಅಂಟಿಸಿದ ಬಿಳಿ ಪಟ್ಟಿಯ ಮೇಲೆ ದಪ್ಪ ಅಕ್ಷರದಲ್ಲಿ 139 ಎಂದು ಬರೆದಿದೆ. ಬರೆದವಳು ಆಶಾರಾಣಿಯವರ ಮಗಳು ದಿಯಾ, ಹೈಸ್ಕೂಲಿನ ಹುಡುಗಿ. ವಿಮಾನದಲ್ಲಿ ತುರ್ತಾಗಿ ಪರದೇಶಕ್ಕೆ ಹೋಗುವ ಪಾರ್ಸೆಲ್ಲಿಗೆ ಇಲ್ಲಿನ ಕೊರಿಯರ್ ಕಂಪನಿ ಎರಡು ತೂಕ ಕಟ್ಟುತ್ತದೆ. ಒಂದು ತಕ್ಕಡಿಯ ತೂಕ. ಇನ್ನೊಂದು ಗಾತ್ರದ ತೂಕ. ಉದ್ದ, ಅಗಲ, ಎತ್ತರವನ್ನು ಇಂಚಿನಲ್ಲಿ ಅಳೆದು, ಮೂರನ್ನೂ ಗುಣಿಸಿ, ಬಂದದ್ದನ್ನು 139ರಿಂದ ಭಾಗಿಸಿದರೆ ಎಷ್ಟೋ ಅಷ್ಟು ಪೌಂಡು, ಚೂರು ಉಳಿದರೂ ಮುಂದಿನ ಪೌಂಡು. ಎರಡರಲ್ಲಿ ಯಾವುದು ಹೆಚ್ಚೋ ಅದಕ್ಕೇ ದರ. ವಿಮಾನದಲ್ಲಿ ಮಾರಾಟಕ್ಕಿರುವುದು ಜಾಗ, ನಿಮ್ಮ ಡಬ್ಬದೊಳಗೆ ಬೆಳ್ಳಿಯಿದೆಯೋ ಬರೀ ಗಾಳಿಯಿದೆಯೋ ಅದಕ್ಕೇನು ಗೊತ್ತು?

‘ಕಲ್ಲು ಕಳಿಸೋರು ಹಗುರವಾಗಿ ಬಚಾವಾಗ್ತಾರೆ, ದಿಂಬು ಕಳಿಸೋರು ಭಾರ ಹೊರ್ತಾರೆ’ ಎನ್ನುತ್ತಾರೆ ಆಶಾರಾಣಿ. ‘ನಮ್ಮ ಜನಕ್ಕೆ ತೂಕದ್ದೇ ಭಯ. ಸೂಟ್‌ಕೇಸ್ ತೂಗಿ ತೂಗಿ ಅಭ್ಯಾಸ ನೋಡಿ. ಡಬ್ಬ ದೊಡ್ಡದಾದಷ್ಟೂ ಸೇಫ್ ಅಂದ್ಕೊಂಡಿರ್ತಾರೆ. ಡಬ್ಬದೊಳಗೆ ಡಬ್ಬ, ಅದರ ಸುತ್ತ ಹಳೇ ಪಂಚೆ. ನಾನು ಮೊದಲು ಪಂಚೆ ತೆಗೀತೀನಿ.’

ಆಶಾರಾಣಿಗೆ ನಲವತ್ತೇಳು ವರ್ಷ. ಹದಿನಾರಕ್ಕೇ ಮೈಸೂರಿನ ಅಗರಬತ್ತಿ ಕಾರ್ಖಾನೆಯೊಂದರ ಪ್ಯಾಕಿಂಗ್ ಸಾಲಿಗೆ ಸೇರಿದವರು. ಅಲ್ಲಿ ಎಣಿಸುವ ಪದ್ಧತಿಯೇ ಇರಲಿಲ್ಲ. ಮುಷ್ಟಿಗೆ ಹಿಡಿದರೆ ಇಪ್ಪತ್ತು ಕಡ್ಡಿ ಬರಬೇಕು, ಇಪ್ಪತ್ತೊಂದಲ್ಲ, ಹತ್ತೊಂಬತ್ತಲ್ಲ. ಕೊಳವೆಯೊಳಗೆ ಇಳಿಸಿದರೆ ಅಲ್ಲಾಡಬಾರದು, ಅಲ್ಲಾಡಿದರೆ ಮುರಿದವೆಂದೇ ಲೆಕ್ಕ. ಹದಿನೆಂಟು ವರ್ಷ ಆ ಕೈಗಳು ಅದೊಂದನ್ನೇ ಮಾಡಿದವು. ಅಲ್ಲಿ ಯಾರೂ ಅದನ್ನು ವಿದ್ಯೆ ಎಂದು ಕರೆಯಲಿಲ್ಲ, ಇವರಿಗೂ ಹಾಗೆ ತೋಚಿರಲಿಲ್ಲ.

ಡಿಯರ್‌ಬಾರ್ನಿನಲ್ಲಿ ಕಾರು ಕಂಪನಿಯ ಎಂಜಿನಿಯರಾಗಿರುವ ಅಣ್ಣ ತಂಗಿಯ ಸಂಸಾರಕ್ಕೆಂದು ಅರ್ಜಿ ಹಾಕಿ ಹದಿಮೂರು ವರ್ಷ ಕಾದರು. ಅರ್ಜಿ ಹಾಕಿದಾಗ ಹುಟ್ಟಿಯೇ ಇರದ ದಿಯಾ, ವೀಸಾ ಬಂದಾಗ ಎರಡನೇ ಕ್ಲಾಸು. ಬಂದ ಮೊದಲ ಮೂರು ತಿಂಗಳು ಅಣ್ಣನ ಮನೆಯ ಬೇಸ್‌ಮೆಂಟಿನಲ್ಲಿ. ಮೇಲೆ ಅತ್ತಿಗೆಯ ಸ್ನೇಹಿತೆಯರು ಸೇರಿದಾಗ ಎಲ್ಲರೂ ಎಲ್ಲಿ ಕೆಲಸ ಎಂದು ಕೇಳುವವರೇ. ಮೈಸೂರಿನ ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದ ಗಂಡ ವೆಂಕಟರಾಮು ಆ ಪ್ರಶ್ನೆಗೆ ನಗುತ್ತಾ ತಲೆ ತಗ್ಗಿಸುತ್ತಿದ್ದರಂತೆ. ಆಶಾರಾಣಿ ತಗ್ಗಿಸಲಿಲ್ಲ. ‘ಇನ್ನೂ ಸಿಕ್ಕಿಲ್ಲ, ಸಿಗುತ್ತೆ ಅಂತಿದ್ದೆ’ ಎನ್ನುತ್ತಾರೆ. ಈಗ ವೆಂಕಟರಾಮು ಕಾರಿನ ಬಿಡಿಭಾಗ ತುಂಬಿದ ವ್ಯಾನನ್ನು ಇಲ್ಲಿಂದ ಡಿಯರ್‌ಬಾರ್ನಿಗೆ ಓಡಿಸುತ್ತಾರೆ, ಹೋಗಲು ಮುನ್ನೂರು ಮೈಲಿಗೆ ಸ್ವಲ್ಪ ಕಮ್ಮಿ, ಬರಲೂ ಅಷ್ಟೇ.

ಇಲ್ಲಿಗೆ ಬಂದ ಹೊಸದರಲ್ಲಿ ಆಶಾರಾಣಿಗೆ ಸಿಕ್ಕಿದ್ದು ಶೀತಲ ಗೋದಾಮಿನ ಕೆಲಸ. ಒಳಗೆ ಸೊನ್ನೆಗಿಂತ ಕೆಳಗಿನ ಚಳಿ, ಮೇಲೊಂದು ದಪ್ಪ ಕೋಟು, ಕೈಯಲ್ಲಿ ಹೆಪ್ಪುಗಟ್ಟಿದ ಬಟಾಣಿಯ ಚೀಲಗಳು. ಎರಡು ವರ್ಷಕ್ಕೆ ಮಂಡಿ ಎರಡೂ ಹಿಡಿದುಕೊಂಡವು. ಆ ಮಾತು ಬಂದಾಗ ಮಾತ್ರ ಅವರ ದನಿ ಗಡುಸಾಗುತ್ತದೆ. ‘ಮಂಡಿ ನೋವು ಹೋಗ್ಲಿ. ಅಲ್ಲಿ ನನ್ನ ಕೈಗೆ ಏನು ಬರುತ್ತೆ ಅಂತ ಯಾರಿಗೂ ಬೇಕಿರ್ಲಿಲ್ಲ. ಇನ್ನೊಂದ್ಸಲ ಅಲ್ಲಿಗೆ ಹೋಗಲ್ಲ.’

ಅಲ್ಲಿಂದ ಅವರನ್ನು ಬಿಡಿಸಿದ್ದು ಶ್ರೀಹರಿಯ ಅಂಗಡಿ. ಶ್ರೀಹರಿಗೆ ಇನ್ನೂ ನಲವತ್ತಾಗಿಲ್ಲ. ಐಟಿ ಕೆಲಸ ಬಿಟ್ಟು ಕೊರಿಯರ್ ಕಂಪನಿಯ ಏಜೆನ್ಸಿ ತೆಗೆದುಕೊಂಡವರು. ಬಂದ ಸಾಮಾನು ಅಳೆದು, ಕಟ್ಟಿ, ಚೀಟಿ ಅಂಟಿಸಿ ಸಂಜೆಯ ವ್ಯಾನಿಗೆ ಹಾಕುವುದು ಅಂಗಡಿಯ ಕೆಲಸ. ನೆಲ ಗುಡಿಸಲೆಂದು ಬಂದ ಆಶಾರಾಣಿ ಮೊದಲ ವಾರವೇ ಒಂದು ಡಬ್ಬವನ್ನು ಯಾರನ್ನೂ ಕೇಳದೆ ಕತ್ತರಿಸಿ ಅರ್ಧ ಮಾಡಿಟ್ಟರು. ಬೈಯಲು ಬಂದ ಶ್ರೀಹರಿ ಅಳತೆ ಹಾಕಿ ನೋಡಿ ಇನ್ನೊಂದು ಡಬ್ಬವನ್ನು ಅವರ ಮುಂದಿಟ್ಟರು. ಮರುದಿನ ಮೇಜು ಬಂತು.

ಮೇಜಿಗೆ ಸಂಚಕಾರ ಬಂದದ್ದು ಈ ವರ್ಷದ ವಸಂತದಲ್ಲಿ. ಅಂಗಡಿಯಲ್ಲಿ ಬರೆದ ಅಳತೆಯೇ ಕೊನೆಯಲ್ಲ. ವಿಮಾನ ನಿಲ್ದಾಣದ ಹತ್ತಿರದ ಕಂಪನಿಯ ಕೇಂದ್ರದಲ್ಲಿ ಪ್ರತಿ ಡಬ್ಬವೂ ಒಂದು ಯಂತ್ರದ ಕಣ್ಣಿನ ಕೆಳಗೆ ಹಾದುಹೋಗುತ್ತದೆ. ಅದು ಡಬ್ಬ ಎಲ್ಲಿ ಹೆಚ್ಚು ಉಬ್ಬಿದೆಯೋ ಅಲ್ಲಿಗೇ ಅಳತೆ ಹಿಡಿಯುತ್ತದೆ. ಕಾಲು ಇಂಚು ಹೆಚ್ಚಾದರೂ ಪೂರ್ತಿ ಇಂಚೆಂದೇ ಲೆಕ್ಕ. ಒಂದೇ ವಾರದಲ್ಲಿ ಆಶಾರಾಣಿಯ ಎರಡು ಡಬ್ಬ ಹೀಗೆ ಸಿಕ್ಕಿಬಿದ್ದವು. ಗಿರಾಕಿಗಳಿಗೆ ಹೆಚ್ಚುವರಿ ಬಿಲ್ಲು ಹೋಯಿತು, ಅವರು ಅಂಗಡಿಯ ಮೇಲೆ ಹರಿಹಾಯ್ದರು, ಕಂಪನಿ ಎಚ್ಚರಿಕೆಯ ಪತ್ರ ಕಳಿಸಿತು. ಕೈಯಲ್ಲಿ ಕತ್ತರಿಸುವುದನ್ನು ನಿಲ್ಲಿಸಿ, ಐದು ಸೈಜಿನ ರೆಡಿಮೇಡ್ ಡಬ್ಬ ತರಿಸುವುದೇ ಕ್ಷೇಮವೆಂದು ಶ್ರೀಹರಿ ಯೋಚಿಸತೊಡಗಿದರು.

ಎರಡೂ ಡಬ್ಬ ಕೆಟ್ಟದ್ದು ಒಂದೇ ಕಾರಣಕ್ಕೆ. ದೇವರ ಮುಂದಿಟ್ಟು ತರ್ತೀವಿ ಎಂದು ಗಿರಾಕಿಗಳು ತಯಾರಾದ ಡಬ್ಬವನ್ನು ಮನೆಗೆ ಒಯ್ದಿದ್ದರು. ಮನೆಗೆ ಹೋದ ಡಬ್ಬ ಸುಮ್ಮನೆ ಹೇಗೆ ವಾಪಸ್ ಬಂದೀತು? ಒಬ್ಬರು ಹುರಿಹಿಟ್ಟಿನ ಪೊಟ್ಟಣ ತುರುಕಿದ್ದರು, ಇನ್ನೊಬ್ಬರು ಕೈಚೌಕ. ಕೇಳಿದರೆ ಇಬ್ಬರದೂ ಒಂದೇ ಮಾತು, ‘ಇದೊಂದು ಇರಲಿ ಅಂತ.’ ನಮ್ಮವರು ಬಸ್ಸಿನ ಕಿಟಕಿಯಲ್ಲೂ, ಏರ್‌ಪೋರ್ಟಿನ ಬಾಗಿಲಲ್ಲೂ ಆಡುವ ಮಾತದು. ಪ್ರೀತಿ ಇರುವಲ್ಲೆಲ್ಲ ಕೊನೆಗಳಿಗೆಯಲ್ಲಿ ಇದೊಂದು ಇದ್ದೇ ಇರುತ್ತದೆ. ಯಂತ್ರಕ್ಕೆ ಅದು ಅರ್ಥವಾಗಬೇಕಲ್ಲ.

ಆಶಾರಾಣಿ ತಪ್ಪನ್ನು ಗಿರಾಕಿಗಳ ತಲೆಗೆ ಕಟ್ಟಲಿಲ್ಲ. ವಾಪಸ್ ಬಂದಾಗ ಮತ್ತೆ ಗೇಣು ಹಾಕದೇ ಬಿಟ್ಟದ್ದು ತನ್ನದೇ ತಪ್ಪೆಂದರು. ಆಮೇಲೆ ಶ್ರೀಹರಿಯ ಮುಂದೆ ನಿಂತು ಕೇಳಿಕೊಂಡರು. ‘ತೊಂಬತ್ತು ದಿನ ಕೊಡಿ. ಅಷ್ಟರಲ್ಲಿ ನನ್ನದೊಂದು ಡಬ್ಬ ಆ ಮಿಷನ್ನಿಗೆ ಸಿಕ್ಕಿಬಿದ್ರೂ ಮೇಜು ನಾನೇ ಮಡಚಿಡ್ತೀನಿ.’ ಶ್ರೀಹರಿ ಒಪ್ಪಿದರು. ಬೇರೆ ಕೆಲಸ ಕೊಡುವಷ್ಟು ದೊಡ್ಡ ಅಂಗಡಿ ಅದಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು. ಶೀತಲ ಗೋದಾಮು ಇಲ್ಲಿಂದ ಎರಡೇ ಮೈಲಿ.

ಅಂದಿನಿಂದ ಎರಡು ನಿಯಮ ಜಾರಿಗೆ ಬಂದವು. ಕಟ್ಟಿದ ಡಬ್ಬ ಅಂಗಡಿಯ ಹೊಸಿಲು ದಾಟುವಂತಿಲ್ಲ. ಒಳಗೆ ಒಂದು ಪಕ್ಕಕ್ಕೆ ಎರಡು ಬೆರಳಿನಷ್ಟು ಜಾಗ ಬಿಟ್ಟು ಅಲ್ಲಿ ಮುದ್ದೆ ಮಾಡಿದ ಕಾಗದ ತುಂಬುವುದು. ಕೊನೆಗಳಿಗೆಯ ಪೊಟ್ಟಣ ಬಂದರೆ ಕಾಗದ ಎದ್ದು ಪೊಟ್ಟಣ ಕೂರುತ್ತದೆ. ಆ ಸಂದಿಗೆ ಆಶಾರಾಣಿ ಇಟ್ಟ ಹೆಸರೇ ‘ಇದೊಂದು’.

ಎಂಬತ್ತೈದು ದಿನ ಎಲ್ಲವೂ ಸುಸೂತ್ರವಾಗಿ ನಡೆಯಿತು. ಎಂಬತ್ತಾರನೇ ದಿನಕ್ಕೆ ಮೊರದ ಬಾಗಿನ ಬಂತು.

ತಂದವರು ಹತ್ತಿರದ ಸ್ಕೋಕಿ ಊರಿನ ಹಯವದನ, ನಿವೃತ್ತ ಡಾಕ್ಟರು, ಮತ್ತು ಅವರ ಹೆಂಡತಿ ಇಂದುಮತಿ. ಮಗಳು ಧೃತಿ ಮದುವೆಯಾಗಿ ಡಬ್ಲಿನ್‌ಗೆ ಹೋಗಿ ಐದು ತಿಂಗಳು. ಮೊದಲ ಗೌರಿಹಬ್ಬ. ತವರಿನಿಂದ ಬಾಗಿನ ಹೋಗಲೇಬೇಕು, ಮುಂದಿನ ಗುರುವಾರದೊಳಗೆ ತಲುಪಲೇಬೇಕು. ಅಕ್ಕಿ ಬೇಳೆ ಕಾಯಿ ಮಗಳೇ ಅಲ್ಲಿ ಕೊಂಡು ಸೇರಿಸಿಕೊಳ್ಳುವುದೆಂದಾಗಿತ್ತು. ಅರಿಶಿನ ಬಳಿದ ಜೋಡಿ ಮೊರ, ಬಳೆ, ಬಿಚ್ಚೋಲೆ, ಕನ್ನಡಿ, ಬಾಚಣಿಗೆ, ರವಿಕೆ ಕಣ ಮಾತ್ರ ಇಲ್ಲಿಂದ. ಡಾಕ್ಟರು ಅದನ್ನು ಮೈಕ್ರೋವೇವ್ ಬಂದಿದ್ದ ಪೆಟ್ಟಿಗೆಯಲ್ಲಿ ತಂದಿದ್ದರು. ತಕ್ಕಡಿಯಲ್ಲಿ ಆರು ಪೌಂಡು, ಗಾತ್ರದ ಲೆಕ್ಕದಲ್ಲಿ ಮೂವತ್ತೇಳು. ಮೂವತ್ತೊಂದು ಪೌಂಡು ಗಾಳಿಯನ್ನು ಅಟ್ಲಾಂಟಿಕ್ ದಾಟಿಸುವುದಕ್ಕೆ ಅವರು ಖುಷಿಯಿಂದಲೇ ಸಿದ್ಧರಿದ್ದರು. ಆಶಾರಾಣಿ ಬಿಡಲಿಲ್ಲ. ಮೊರಕ್ಕೆ ಮೊರ ಮುಚ್ಚಿ, ಅಂಚಿನಿಂದ ಅಂಚಿಗೆ ಗೇಣಿಟ್ಟು, ಹದಿನಾಲ್ಕು, ಹನ್ನೆರಡು, ಏಳು ಇಂಚಿನ ಡಬ್ಬ ಕತ್ತರಿಸಿದರು. ಗಾತ್ರದ ತೂಕ ಒಂಬತ್ತು ಪೌಂಡಿಗೆ ಇಳಿಯಿತು.

ಆಮೇಲೆ ಇಂದುಮತಿ ಆ ಮಾತು ಕೇಳಿದರು. ಬಾಗಿನಕ್ಕೆ ಪೂಜೆಯಾಗಬೇಕು, ಮನೆಗೆ ಒಯ್ದು ಸಂಜೆ ತರಲೇ ಎಂದು. ಶ್ರೀಹರಿ ಆಗುವುದಿಲ್ಲವೆಂದು ತಲೆಯಾಡಿಸಿದರು. ಹೆಣ್ಣುಮಗಳೊಬ್ಬಳ ಮೊದಲ ಬಾಗಿನವನ್ನು ಪೂಜೆಯಿಲ್ಲದೆ ಕಳಿಸಿ ಎನ್ನಲು ಆಶಾರಾಣಿಗೆ ಬಾಯಿ ಬರಲಿಲ್ಲ. ತಾನೇ ಮಾಡಿದ ನಿಯಮವನ್ನು ತಾನೇ ಮುರಿದರು. ಒಳಗೆ ಏನೂ ಸೇರಿಸಬೇಡಿ ಎಂದು ಮೂರು ಸಲ ಹೇಳಿದರು. ಇಂದುಮತಿ ಮೂರು ಸಲವೂ ಹೂಂ ಎಂದರು. ಡಾಕ್ಟರು ಕಾಗದಪತ್ರ ತುಂಬಿ, ಹಣ ಕಟ್ಟಿ, ಒಂಬತ್ತು ಪೌಂಡಿನ ಚೀಟಿ ಪ್ರಿಂಟ್ ಮಾಡಿಸಿಟ್ಟು ಹೋದರು.

ಸಂಜೆ ವ್ಯಾನ್ ಬರುವುದು ಐದು ಹತ್ತಕ್ಕೆ. ಶುಕ್ರವಾರದ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡ ದಂಪತಿ ಬಂದಾಗ ನಾಲ್ಕು ಮುಕ್ಕಾಲು. ಡಬ್ಬ ಮೇಜಿನ ಮೇಲೆ ಕೂರುವ ಮೊದಲೇ ಆಶಾರಾಣಿಗೆ ಗೊತ್ತಾಯಿತು, ಮುಚ್ಚಳ ಬಸುರಿಯ ಹೊಟ್ಟೆಯ ಹಾಗೆ ಮೇಲೆದ್ದಿತ್ತು. ಗೇಣು ಹಾಕುವ ಅಗತ್ಯವೇ ಇರಲಿಲ್ಲ, ಆದರೂ ಹಾಕಿದರು. ಏಳಿದ್ದದ್ದು ಎಂಟರ ಹತ್ತಿರ ಬಂದಿತ್ತು.

ಒಳಗಿದ್ದದ್ದು ಗೆಜ್ಜೆವಸ್ತ್ರ. ಗೌರಿಗೆ ಏರಿಸುವ ಹತ್ತಿಯ ಹಾರ. ಇಂದುಮತಿ ಒಂದು ತಿಂಗಳು ಕೂತು, ಹತ್ತಿಯನ್ನು ಚಿಟಿಕೆ ಚಿಟಿಕೆಯಾಗಿ ಹೊಸೆದು, ಕುಂಕುಮದ ಚುಕ್ಕೆಯಿಟ್ಟು ಮಾಡಿದ್ದರು. ಪ್ಲಾಸ್ಟಿಕ್ ಚೀಲದಲ್ಲಿ ತುಂಬಿ ಮೊರದ ಮೇಲಿಟ್ಟಿದ್ದರು. ತೂಕ ನಾಲ್ಕು ಔನ್ಸೂ ಇಲ್ಲ. ಏನು ಭಾರ ಇದೆ ಅದರಲ್ಲಿ, ಇದೊಂದು ಇರಲಿ ಅಂತ ಇಟ್ಟೆ ಎಂದು ಹೇಳುವಾಗ ಅವರ ಮುಖ ಸಣ್ಣದಾಗಿತ್ತು. ಮೊರಗಳಿಗೆ ಐದೆಳೆ ದಾರ ಸುತ್ತಿ ಪೂಜೆಯಾಗಿತ್ತು. ಆ ದಾರ ಬಿಚ್ಚುವಂತಿರಲಿಲ್ಲ.

ಶ್ರೀಹರಿ ಗಡಿಯಾರ ನೋಡಿದರು. ಒತ್ತಿ ಹಿಡಿದು ಟೇಪ್ ಸುತ್ತಿಬಿಡಿ ಆಶಕ್ಕ, ಒಂದು ಡಬ್ಬ ತಾನೇ, ದಾಟಿ ಹೋಗುತ್ತದೆ ಎಂದರು. ಆ ಕ್ಷಣಕ್ಕೆ ಅದೇ ಸುಲಭದ ದಾರಿಯೂ ಆಗಿತ್ತು. ಒತ್ತಿ ಹಿಡಿದರೆ ಅಂಗಡಿಯ ಅಳತೆಪಟ್ಟಿಯಲ್ಲಿ ಏಳೇ ಇಂಚು ತೋರಿಸಬಹುದಿತ್ತು.

‘ಹತ್ತಿ ಅದು, ಶ್ರೀಹರಿ. ಇಲ್ಲಿ ಒತ್ತಿದ್ರೆ ಅಲ್ಲಿ ಹೋಗಿ ಏಳುತ್ತೆ’ ಎಂದರು ಆಶಾರಾಣಿ. ‘ಅಲ್ಲದೆ ಆಂಟಿ ಇಟ್ಟಿರೋ ಕುಂಕುಮ ಎಲ್ಲ ಕಲಸಿಹೋಗುತ್ತೆ.’

ಅವರು ನೇರ ಒಳಗೆ ಹೋಗಿ ಸಿಂಕಿನಲ್ಲಿ ಮೊಣಕೈವರೆಗೆ ತೊಳೆದುಕೊಂಡು ಬಂದರು. ಪೂಜೆಯಾದದ್ದನ್ನು ಮುಟ್ಟಬಹುದೇ ಎಂದು ಯಾರೂ ಕೇಳುವ ಮೊದಲೇ ಹೊಸ ಬಿಳಿ ಕಾಗದ ಹಾಸಿದರು. ಮುಚ್ಚಳ ತೆಗೆದು ಚೀಲವನ್ನು ಎತ್ತಿಕೊಂಡರು, ಮೊರಗಳನ್ನು ದಾರ ಸಮೇತ ಹಾಗೇ ಬಿಟ್ಟರು. ಆಮೇಲೆ ಡಬ್ಬದ ಒಳಸುತ್ತ ತಾವೇ ತುಂಬಿದ್ದ ಮುದ್ದೆ ಕಾಗದವನ್ನೆಲ್ಲ ಕಿತ್ತು ನೆಲಕ್ಕೆ ಹಾಕಿದರು. ಆ ಜಾಗಕ್ಕೆ ಬಿಳಿ ಕಾಗದದ ತೊಟ್ಟಿಲು ಮಾಡಿ, ಚೀಲದಿಂದ ಬಿಡಿಸಿದ ಹತ್ತಿಯ ಹಾರವನ್ನು ಮೊರದ ಸುತ್ತ ಒಂದು ಸುತ್ತು, ಎರಡು ಸುತ್ತು, ಮೂರು ಸುತ್ತು ಇಳಿಸುತ್ತಾ ಹೋದರು. ಕಾಗದ ಮಾಡಬೇಕಿದ್ದ ಕೆಲಸಕ್ಕೆ ಗೆಜ್ಜೆವಸ್ತ್ರವೇ ಕೂತಿತು. ಬಳೆ ಕನ್ನಡಿಗಳಿಗೆ ಅದಕ್ಕಿಂತ ಮೆತ್ತನೆಯ ಕಾವಲು ಬೇರೆ ಯಾವುದಿದ್ದೀತು? ಚೀಲದಲ್ಲಿ ಉಳಿದದ್ದು ಗಾಳಿ ಮಾತ್ರ. ಅದನ್ನು ಮಡಚಿ ಇಂದುಮತಿಯ ಕೈಗೆ ಕೊಟ್ಟರು.

ಈ ನಡುವೆ ಡಾಕ್ಟರು ಕಸ್ಟಮ್ಸ್ ಪಟ್ಟಿಗೆ ಹತ್ತಿಯ ಹಾರವನ್ನೂ ಸೇರಿಸಿದರು. ಕದ್ದು ಏನೂ ಹೋಗಬಾರದು ಎಂಬುದು ಆಶಾರಾಣಿಯ ಹಟ. ಮುಚ್ಚಳ ಮುಚ್ಚಿತು. ಗೇಣು, ಟೇಪು, ಮತ್ತೆ ಗೇಣು. ವ್ಯಾನಿನವನು ಎರಡು ಸಲ ಹಾರನ್ ಹೊಡೆದ. ಮೂರನೆಯ ಸಲ ಹೊಡೆಯುವ ಮೊದಲು ಡಬ್ಬ ಅವನ ಕೈಯಲ್ಲಿತ್ತು. ವ್ಯಾನ್ ತಿರುವಿನಲ್ಲಿ ಮರೆಯಾದ ಮೇಲೆ ಇಂದುಮತಿ ಆಶಾರಾಣಿಯ ತೋಳು ಹಿಡಿದುಕೊಂಡು, ನಾನು ಸತ್ಯವಾಗಿ ಹೂಂ ಅಂದಿದ್ದೆ ಆಶಾ, ಮನೆಗೆ ಹೋದ ಮೇಲೆ ಮನಸ್ಸು ತಡೀಲಿಲ್ಲ ಎಂದರು.

ಬಾಗಿನ ಬುಧವಾರವೇ ತಲುಪಿತು. ಮೊರದ ದಾರ ಹಾಗೇ ಇದೆ, ಹಾರದ ಒಂದು ಚುಕ್ಕೆಯೂ ಅಳಿಸಿಲ್ಲ ಎಂದು ಧೃತಿ ಫೋಟೋ ಕಳಿಸಿದಳು. ಆದರೆ ಡಬ್ಬ ತಲುಪುವುದು ಬೇರೆ, ಅಳತೆ ಸರಿಹೋಗುವುದು ಬೇರೆ. ಯಂತ್ರ ಏನು ಕಂಡಿತೆಂದು ತಿಳಿಯುವುದು ವರದಿ ಬಂದಾಗಲೇ. ಅಲ್ಲಿಂದಾಚೆ ಆಶಾರಾಣಿಗೆ ಸರಿಯಾಗಿ ನಿದ್ದೆಯಿಲ್ಲ. ‘ಅಮ್ಮಾ, ಇಟ್ಸ್ ಜಸ್ಟ್ ಎ ಬಾಕ್ಸ್’ ಎಂದು ದಿಯಾ ಸಮಾಧಾನ ಹೇಳಿದಳಂತೆ. ಹೇಳಿದವಳೇ ಮೂರನ್ನೂ ಗುಣಿಸಿ, ಎಂಟು ಇಂಚಾದರೆ ಹತ್ತು ಪೌಂಡಾಗುತ್ತೆ ಎಂದು ಲೆಕ್ಕವನ್ನೂ ಹಾಕಿಕೊಟ್ಟಳು.

ಏಳೂಕಾಲಿಗೆ ಶ್ರೀಹರಿಯ ಕಾರು ಬರುತ್ತದೆ. ಆಶಾರಾಣಿ ತಲೆ ಎತ್ತುವುದಿಲ್ಲ, ಮೆಲ್ಬರ್ನಿನ ಡಬ್ಬಕ್ಕೆ ಮುಚ್ಚಳ ಗೀರುತ್ತಲೇ ಇದ್ದಾರೆ, ಸೌಟು ಮಾತ್ರ ಒಂದೇ ಗೀರಿನ ಮೇಲೆ ಎರಡು ಸಲ ಓಡಾಡುತ್ತದೆ. ಶ್ರೀಹರಿ ಮೂರು ಹಾಳೆಗಳನ್ನು ಮೇಜಿನ ಮೇಲಿಡುತ್ತಾರೆ. ಮೊದಲನೆಯದರ ತಲೆಯಲ್ಲೇ ತೊಂಬತ್ತು ದಿನಗಳ ಒಟ್ಟು ಲೆಕ್ಕವಿದೆ, ಅದರ ಕೆಳಗೆ ಕೊನೆಯ ವಾರದ ಡಬ್ಬಗಳ ಪಟ್ಟಿ. ಕಳಿಸಿದ ಪಾರ್ಸೆಲ್ಲುಗಳು ಎರಡು ಸಾವಿರದ ಒಂಬೈನೂರ ಹದಿನಾಲ್ಕು. ಅಳತೆ ತಪ್ಪಿದ್ದು ಸೊನ್ನೆ.

ಆಶಾರಾಣಿಗೆ ಸೊನ್ನೆ ಸಾಲದು. ಬೆರಳಿಟ್ಟು ಸಾಲು ಸಾಲು ಇಳಿದು, ಮೂರನೆಯ ಹಾಳೆಯಲ್ಲಿ ಡಬ್ಲಿನ್ ಹುಡುಕುತ್ತಾರೆ. ಯಂತ್ರ ಬರೆದಿದೆ: ಹದಿನಾಲ್ಕು, ಹನ್ನೆರಡು, ಏಳು. ಅವರು ಕನ್ನಡಕ ತೆಗೆದು ಸೆರಗಿನಿಂದ ಒರೆಸಿಕೊಳ್ಳುತ್ತಾರೆ. ಒರೆಸಿದ್ದು ಕನ್ನಡಕವನ್ನು ಮಾತ್ರವಲ್ಲ. ಶ್ರೀಹರಿ ರೆಡಿಮೇಡ್ ಡಬ್ಬದ ಆರ್ಡರನ್ನು ಕ್ಯಾನ್ಸಲ್ ಮಾಡಿದ್ದೇನೆಂದು ಹೇಳಿ, ಈ ಹಾಳೆಗೆ ಫ್ರೇಮ್ ಹಾಕಿಸಿ ಗೋಡೆಗೆ ಹಾಕೋಣ ಎನ್ನುತ್ತಾರೆ.

ಆಶಾರಾಣಿ ಮೆಲ್ಬರ್ನಿನ ಡಬ್ಬವನ್ನು ಎತ್ತಿ ಕಿವಿಯ ಹತ್ತಿರ ಹಿಡಿದು ಮೆಲ್ಲನೆ ಅಲ್ಲಾಡಿಸುತ್ತಾರೆ. ಒಂದು ಮೂಲೆಯಲ್ಲಿ ಗೆಜ್ಜೆ ಸಣ್ಣಗೆ ಘಲ್ ಎನ್ನುತ್ತದೆ. ಮುಚ್ಚಳ ಬಿಚ್ಚಿ, ಮೂರು ಹಾಳೆಗಳನ್ನೂ ಒಟ್ಟಿಗೆ ಮುದ್ದೆ ಮಾಡಿ, ಆ ಮೂಲೆಯ ಸಂದಿಗೆ ಒತ್ತಿ ಕೂರಿಸುತ್ತಾರೆ. ಮತ್ತೆ ಅಲ್ಲಾಡಿಸುತ್ತಾರೆ. ಸದ್ದಿಲ್ಲ.

‘ಆ ಹಾಳೇನೂ ಮಿಷನ್ನಿನ ಕೆಳಗೇ ಹೋಗ್ಲಿ ಬಿಡಿ’ ಎನ್ನುತ್ತಾ ಆಶಾರಾಣಿ ಡಬ್ಬದ ಮೇಲೆ ಗೇಣಿಡುತ್ತಾರೆ. ‘ತನ್ನ ಲೆಕ್ಕಾನ ತಾನೇ ಇನ್ನೊಂದ್ಸಲ ಅಳೀಲಿ.’